ಡಯಲ್ ತಿರುಗಿಸಿದವನು ಯಾರು, ಮಾತಾಡಿದವನು ಯಾರು?

ಹೈಸ್ಕೂಲು ಮಕ್ಕಳು ಏನಾದರೂ ಕೀಟಲೆ ಮಾಡಿದಾಗ ನಮ್ಮ ಶಾಲೆಗಳಲ್ಲಿ ನಡೆಯುವ ವಿಚಾರಣೆ ಎಲ್ಲರಿಗೂ ಗೊತ್ತಿದ್ದದ್ದೇ. ನಾಲ್ಕು ಮಂದಿಯನ್ನು ಮುಖ್ಯೋಪಾಧ್ಯಾಯರ ಕೋಣೆಗೆ ಕರೆಸುವುದು, ಯಾರು ಮಾಡಿದ್ದು ಎಂದು ಗದರಿಸುವುದು, ಯಾರೂ ಬಾಯಿ ಬಿಡದಿದ್ದರೆ ನಾಲ್ವರಿಗೂ ಒಂದೇ ಶಿಕ್ಷೆ. ನ್ಯಾಯಾಲಯವೂ ಹೀಗೆಯೇ ವಿಚಾರಣೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅರಿಝೋನಾ ರಾಜ್ಯದ ಒಂದು ಮೊಕದ್ದಮೆ ಉದಾಹರಣೆ. ಕಾನೂನು ಓದುವವರಿಗೆ ಇದು ಪರಿಚಿತ. ಶಾಲೆಯಲ್ಲಿ ಮಕ್ಕಳೊಂದಿಗೆ ಏಗುವ ನಾವೂ ಇದನ್ನು ತಿಳಿದಿರುವುದು ಒಳ್ಳೆಯದು.

1964ರ ಜೂನ್ 8. ಗಿಲಾ ಕೌಂಟಿಯಲ್ಲಿ ಜೆರಾಲ್ಡ್ ಗಾಲ್ಟ್ ಎಂಬ 15 ವರ್ಷದ ಹುಡುಗನನ್ನೂ ಅವನ ಗೆಳೆಯನನ್ನೂ ಪೊಲೀಸರು ಹಿಡಿದರು. ನೆರೆಯ ಹೆಂಗಸೊಬ್ಬರಿಗೆ ಫೋನು ಮಾಡಿ ಅಸಭ್ಯವಾಗಿ ಮಾತಾಡಿದರೆಂಬುದು ದೂರು. ಹದಿಹರೆಯದ ಹುಡುಗರ ಕೆಟ್ಟ ತಮಾಷೆ, ಹೆಚ್ಚೇನಲ್ಲ. ಆದರೆ ಫೋನು ಎತ್ತಿದ ಹೆಂಗಸಿಗೆ ಅದು ತಮಾಷೆಯಾಗಿರಲಿಲ್ಲ ಎಂಬುದನ್ನೂ ಮರೆಯಬಾರದು.

ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಮಗನನ್ನು ಕೊಂಡುಹೋಗಿದ್ದೇವೆಂದು ಅವರಿಗೆ ಯಾರೂ ತಿಳಿಸಲಿಲ್ಲ. ಸಂಜೆ ಮನೆಗೆ ಬಂದ ತಾಯಿ ದೊಡ್ಡ ಮಗನನ್ನು ಹುಡುಕಲು ಕಳುಹಿಸಿದಾಗ, ಗೆಳೆಯನ ಮನೆಯವರಿಂದ ಸುದ್ದಿ ತಿಳಿಯಿತು. ಮರುದಿನ ನ್ಯಾಯಾಧೀಶರ ಕೊಠಡಿಯಲ್ಲಿ ವಿಚಾರಣೆ ನಡೆಯಿತು. ವಕೀಲರಿಲ್ಲ, ಪ್ರಮಾಣವಚನವಿಲ್ಲ, ದೂರು ಕೊಟ್ಟವರೂ ಇಲ್ಲ. ಯಾರು ಏನು ಹೇಳಿದರೆಂದು ಬರೆದುಕೊಂಡವರೂ ಇಲ್ಲ. ಮುಂದಿನ ವಿಚಾರಣೆ ಜೂನ್ 15ಕ್ಕೆ ಎಂದು ಪ್ರೊಬೇಷನ್ ಅಧಿಕಾರಿ ತಾಯಿಗೆ ತಿಳಿಸಿದ್ದು ಒಂದು ಬಿಳಿ ಹಾಳೆಯ ಚೀಟಿಯಲ್ಲಿ. ಆರೋಪವೇನೆಂದು ಅದರಲ್ಲಿ ಬರೆದಿರಲಿಲ್ಲ. ದೂರು ಕೊಟ್ಟವರನ್ನು ಕರೆಸಿರೆಂದು ತಾಯಿ ಕೇಳಿಕೊಂಡರೂ, ಅವರು ಬರಬೇಕಾಗಿಲ್ಲ ಎಂಬ ಉತ್ತರ ಬಂತು.

ಜೂನ್ 15ರ ತೀರ್ಮಾನ: ಹುಡುಗ 21 ವರ್ಷ ತುಂಬುವವರೆಗೆ, ನಡುವೆ ಬಿಡುಗಡೆಯಾಗದಿದ್ದರೆ, ರಾಜ್ಯದ ಸುಧಾರಣಾ ಶಾಲೆಯಲ್ಲಿರಬೇಕು. ಅಂದರೆ ಆರು ವರ್ಷದ ತನಕ. ಇದೇ ತಪ್ಪನ್ನು ದೊಡ್ಡವರು ಮಾಡಿದ್ದರೆ ಹೆಚ್ಚೆಂದರೆ 50 ಡಾಲರ್ ದಂಡ ಅಥವಾ ಎರಡು ತಿಂಗಳ ಸೆರೆ! ಜೊತೆಗಿದ್ದ ಇನ್ನೊಬ್ಬ ಹುಡುಗ ಪರ್ಸು ಕದ್ದನೆಂಬ ಹಿಂದಿನ ಪ್ರಕರಣದಲ್ಲಿ ಗಾಲ್ಟ್ ಆಗಲೇ ಪ್ರೊಬೇಷನ್‌ನಲ್ಲಿದ್ದ ಎಂಬುದು ನಿಜ. ಆದರೆ ನ್ಯಾಯಾಧೀಶರು ಎರಡು ವರ್ಷ ಹಿಂದಿನ, ವಿಚಾರಣೆಯೇ ನಡೆಯದ ಒಂದು ಬೇಸ್‌ಬಾಲ್ ಗವಸಿನ ಕಳವಿನ ದೂರನ್ನೂ ನೆನಪಿಸಿಕೊಂಡಿದ್ದರು. ಪೋಕರಿ ಎಂದು ಒಮ್ಮೆ ಹೆಸರು ಬಿದ್ದರೆ ಎಲ್ಲದಕ್ಕೂ ಅವನೇ. ಸ್ಟಾಫ್ ರೂಮಿನಲ್ಲಿ ಕುಳಿತವರಿಗೆ ಇದು ಹೊಸತೇನಲ್ಲ.

ಅರಿಝೋನಾದಲ್ಲಿ ಬಾಲಾಪರಾಧದ ತೀರ್ಪಿಗೆ ಮೇಲ್ಮನವಿಯೇ ಇರಲಿಲ್ಲ. ಹಾಗಾಗಿ ತಂದೆತಾಯಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಆಗ ನ್ಯಾಯಾಧೀಶರೇ ಸಾಕ್ಷಿ ಹೇಳಬೇಕಾಯಿತು, ಏಕೆಂದರೆ ದಾಖಲೆಯಿರಲಿಲ್ಲ. ಹುಡುಗ ಡಯಲ್ ತಿರುಗಿಸಿ ಫೋನನ್ನು ಗೆಳೆಯನ ಕೈಗೆ ಕೊಟ್ಟದ್ದಷ್ಟೇ ಎಂದು ತಾಯಿಯ ನೆನಪು. ಅಸಭ್ಯ ಮಾತಾಡಿದ್ದನ್ನು ಅವನೇ ಒಪ್ಪಿಕೊಂಡನೆಂದು ಅಧಿಕಾರಿಯ ನೆನಪು. ಒಂದು ಮಾತನ್ನು ಆಡಿದ್ದಾಗಿ ಒಪ್ಪಿದ್ದನೆಂದು ನ್ಯಾಯಾಧೀಶರ ನೆನಪು. ಹುಡುಗನ ಆರು ವರ್ಷ ನಿಂತಿದ್ದದ್ದು ಈ ಮೂರು ನೆನಪುಗಳ ಮೇಲೆ.

1967ರ ಮೇ 15ರಂದು ಅಮೆರಿಕದ ಸುಪ್ರೀಂ ಕೋರ್ಟು ಈ ತೀರ್ಮಾನವನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ಏಬ್ ಫೋರ್ಟಸ್ ಬರೆದ ತೀರ್ಪಿನ ಪ್ರಕಾರ, ಸ್ವಾತಂತ್ರ್ಯ ಕಳೆದುಕೊಳ್ಳಬಹುದಾದ ಮಗುವಿಗೂ ಆರೋಪವೇನೆಂದು ಮೊದಲೇ ತಿಳಿಸಬೇಕು, ವಕೀಲರಿರಬೇಕು, ದೂರುದಾರರನ್ನು ಪ್ರಶ್ನಿಸುವ ಅವಕಾಶ ಬೇಕು, ಸುಮ್ಮನಿರುವ ಹಕ್ಕೂ ಬೇಕು. ನ್ಯಾಯಮೂರ್ತಿ ಸ್ಟುವರ್ಟ್ ಇದನ್ನು ಒಪ್ಪಲಿಲ್ಲ. ಮಕ್ಕಳ ನ್ಯಾಯಾಲಯ ತಿದ್ದುವುದಕ್ಕಿರುವುದೇ ಹೊರತು ಶಿಕ್ಷಿಸುವುದಕ್ಕಲ್ಲ, ಅದನ್ನು ಕ್ರಿಮಿನಲ್ ಕೋರ್ಟಿನಂತೆ ಮಾಡಬೇಡಿ ಎಂಬುದು ಅವರ ವಾದ. ಅಧ್ಯಾಪಕರಾದ ನಮಗೆ ಆ ವಾದದ ಕಾಳಜಿ ಅರ್ಥವಾಗುತ್ತದೆ. ಆದರೆ ತಿದ್ದುವ ಹೆಸರಿನಲ್ಲಿ ಆರು ವರ್ಷ ಎಂದಾಗ ಫೋರ್ಟಸ್ ಅವರ ಮಾತೇ ಸರಿಯೆನಿಸುತ್ತದೆ.

ನಮ್ಮ ನಾಡು ಬೇರೆ ದಾರಿಯಲ್ಲಿ ಬಂತು. ಕಾಸರಗೋಡು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆಗ ಮದರಾಸಿನ 1920ರ ಮಕ್ಕಳ ಕಾಯಿದೆ ನಮ್ಮದು. ಇಡೀ ದೇಶಕ್ಕೆ ಒಂದೇ ರೀತಿಯ ಬಾಲನ್ಯಾಯ ಕಾಯಿದೆ 1986ರಲ್ಲಿ ಬಂದು, 2000ದಲ್ಲಿ ಬದಲಾಗಿ, ಈಗ 2015ರದ್ದು ನಡೆಯುತ್ತಿದೆ. ಅದರಂತೆ 18 ತುಂಬದ ಮಗುವನ್ನು ಲಾಕಪ್ಪಿಗೆ ಹಾಕುವಂತಿಲ್ಲ, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು, ಹೆತ್ತವರಿಗೆ ತಿಳಿಸಬೇಕು. ಉಚಿತ ಕಾನೂನು ನೆರವೂ ಇದೆ. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಸೇವಕರು, ಅವರಲ್ಲಿ ಒಬ್ಬರಾದರೂ ಮಹಿಳೆ. ಬುದ್ಧಿವಾದ, ಆಪ್ತಸಲಹೆ, ಸಮುದಾಯ ಸೇವೆ, ಹೆತ್ತವರಿಗೆ ದಂಡ ಇವೆಲ್ಲ ಮಂಡಳಿ ವಿಧಿಸಬಹುದಾದ ಕ್ರಮಗಳು. ಮಗುವಿನ ಗುರುತನ್ನು ಪತ್ರಿಕೆಯಲ್ಲಿ ಹಾಕುವಂತಿಲ್ಲ.

ಆದರೆ 'ನಾನು ಸುಮ್ಮನೆ ಜೊತೆಗಿದ್ದೆ' ಎಂಬ ಮಾತು ಎಲ್ಲ ಸಲ ನಡೆಯುವುದಿಲ್ಲ. ಸಮಾನ ಉದ್ದೇಶದಿಂದ ಹಲವರು ಸೇರಿ ಮಾಡಿದ ಕೃತ್ಯಕ್ಕೆ ಪ್ರತಿಯೊಬ್ಬರೂ ತಾವೊಬ್ಬರೇ ಮಾಡಿದಂತೆ ಹೊಣೆ ಎಂಬ ನಿಯಮ 1860ರ ದಂಡಸಂಹಿತೆಯ 34ನೇ ಸೆಕ್ಷನ್ನಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಉಳಿದಿದೆ. ಹೆಸರು ಹೇಳದೆ ಬೆದರಿಕೆ ಹಾಕುವುದಕ್ಕೆ ಆ ಸಂಹಿತೆಯಲ್ಲಿ ಪ್ರತ್ಯೇಕ ಶಿಕ್ಷೆಯೇ ಇದೆ. ಪರೀಕ್ಷೆ ಮುಂದೂಡಲೆಂದು ಶಾಲೆಗೆ ಹುಸಿ ಬಾಂಬ್ ಬೆದರಿಕೆ ಕಳಿಸಿದರೆ ಈ ಎರಡೂ ಸೆಕ್ಷನ್ನುಗಳು ಒಟ್ಟಿಗೆ ಬರಬಹುದು, ಮೊಬೈಲು ಯಾರದೇ ಆಗಿರಲಿ.

ಪ್ಲಸ್ ಟು ತರಗತಿಗಳಲ್ಲಿ ಇನ್ನೊಂದು ತೊಡಕಿದೆ. ಒಂದೇ ಬೆಂಚಿನಲ್ಲಿ 17ರವನೂ ಇರುತ್ತಾನೆ, 18 ತುಂಬಿದವನೂ ಇರುತ್ತಾನೆ. ಇಬ್ಬರೂ ಸೇರಿ ಮಾಡಿದ ಚೇಷ್ಟೆ ಪೊಲೀಸ್ ಠಾಣೆ ತಲುಪಿದರೆ ಕಾಯಿದೆ ಇಬ್ಬರನ್ನೂ ಒಟ್ಟಿಗೆ ವಿಚಾರಿಸಲು ಬಿಡುವುದಿಲ್ಲ. ಚಿಕ್ಕವನು ಬಾಲನ್ಯಾಯ ಮಂಡಳಿಗೆ, ದೊಡ್ಡವನು ಸಾಮಾನ್ಯ ಕ್ರಿಮಿನಲ್ ಕೋರ್ಟಿಗೆ. ಇಬ್ಬರ ನಡುವೆ ಪ್ರಾಯದಲ್ಲಿ ನಾಲ್ಕು ತಿಂಗಳ ಅಂತರವಿದ್ದರೂ ಅಷ್ಟೇ.