ಪ್ಲೇಗು ಕಟ್ಟಿಸಿದ ಮನೆಗಳು

ಬೆಂಗಳೂರಿನ ಫ್ರೇಜರ್ ಟೌನಿನಲ್ಲಿ ಹಳೆಯ ಮನೆಯೊಂದು ಉರುಳಿದರೆ ನಾವು ಅದನ್ನು ಆ ಕುಟುಂಬದ ಪಾಲುಪಟ್ಟಿಯ ವಿಷಯವೆಂದು ಭಾವಿಸಿ ಸುಮ್ಮನಾಗುತ್ತೇವೆ. ಆದರೆ ಆ ಮನೆಗಳು ಒಂದು ನಗರ ಸಾವಿನಿಂದ ಕಲಿತ ಪಾಠದ ಗುರುತುಗಳು.

1898ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಪೇಟೆಯಲ್ಲೂ ದಂಡಿನಲ್ಲೂ ಸಾವಿರಾರು ಜನ ಸತ್ತರು. ಉಳಿದವರು ಮನೆ ತೊರೆದು ಊರಾಚೆ ಗುಡಿಸಲು ಹಾಕಿಕೊಂಡರು. ಪ್ಲೇಗಮ್ಮನಿಗೆ ಗುಡಿಗಳೆದ್ದವು. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಕೇರಿಗಳೇ ಮಾರಿಗೆ ಮನೆಯಾದವೆಂದು ಆಡಳಿತಕ್ಕೆ ಆಗ ಅರಿವಾಯಿತು. ಮೈಸೂರು ಸಂಸ್ಥಾನದ ಕಡೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಬ್ರಿಟಿಷರ ದಂಡುಪ್ರದೇಶದಲ್ಲಿ, 20ನೇ ಶತಮಾನದ ಮೊದಲ ದಶಕದಲ್ಲಿ, ಫ್ರೇಜರ್ ಟೌನ್ ಮೈದಳೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಶಿಕ್ಷಕರಾಗಿದ್ದು, ಮುಂದೆ ರೆಸಿಡೆಂಟರಾದ ಸ್ಟುವರ್ಟ್ ಫ್ರೇಜರರ ಹೆಸರು ಅದಕ್ಕೆ ಬಂತು. ಇಂಜಿನಿಯರ್ ಜೆ.ಎಚ್. ಸ್ಟೀಫನ್ಸ್ ಪ್ಲೇಗು ತಡೆಯುವ ಊರು ಕಟ್ಟುವ ಬಗೆಯನ್ನು ಕುರಿತು 1914ರಲ್ಲಿ ಪುಸ್ತಕವನ್ನೇ ಬರೆದರು.

ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ. ಆದ್ದರಿಂದ ಇಲಿಗೆ ಎಡೆಗೊಡದ ಮನೆ ಬೇಕಿತ್ತು. ಎತ್ತರದ ತಳಪಾಯ, ಬಿಲ ಕೊರೆಯಲಾಗದ ಗಟ್ಟಿ ನೆಲ, ಎದುರುಬದುರು ಕಿಟಕಿ, ಸುತ್ತ ಬಯಲು. ನಾವು ಇಂದು ಚೆಂದವೆಂದು ಮೆಚ್ಚುವ ಆ ಅಗಲ ಕಿಟಕಿ, ಖಾಲಿ ಅಂಗಳಗಳು ಶೋಕಿಗಾಗಿ ಬಂದವಲ್ಲ, ಜೀವ ಉಳಿಸಿಕೊಳ್ಳಲು ಬಂದವು. ಮಸೀದಿ, ಇಗರ್ಜಿ, ಗುಡಿಗಳು ಕೂಗಳತೆಯಲ್ಲಿರುವ ಈ ಬೀದಿಗಳಲ್ಲಿ ಉರ್ದು, ತಮಿಳು, ಇಂಗ್ಲಿಷ್, ಕನ್ನಡಗಳು ಒಂದೇ ಗಾಳಿಯಲ್ಲಿ ಬೆರೆತವು.

ಮನೆ ಕೆಡವುವವರನ್ನು ಬೈಯುವುದು ಸುಲಭ. ನಮ್ಮಲ್ಲಿ ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹಕ್ಕಿದೆ. ಅದು ಅಲ್ಲಾಹನು ನಿಗದಿಗೊಳಿಸಿದ ಪಾಲು. ನಿವೇಶನದ ಬೆಲೆ ಮುಗಿಲು ಮುಟ್ಟಿರುವಾಗ ಒಂದು ಮನೆಯನ್ನು ಐದಾರು ಮಂದಿ ಹೇಗೆ ಹಂಚಿಕೊಳ್ಳಬೇಕು? ಪರಂಪರೆಯ ಹೆಸರಿನಲ್ಲಿ ವಿಧವೆ ತಂಗಿಯ ಪಾಲನ್ನು ತಡೆದಿಡುವುದು ನ್ಯಾಯವಲ್ಲ. ಮನೆ ಇಡೀ ನಗರಕ್ಕೆ ಬೇಕಾದದ್ದಾದರೆ ಅದರ ಭಾರವನ್ನೂ ನಗರ ಹೊರಬೇಕು. ತೆರಿಗೆ ರಿಯಾಯಿತಿ, ದುರಸ್ತಿಗೆ ನೆರವು, ಕಟ್ಟದೆ ಬಿಟ್ಟ ಮಹಡಿಗಳಿಗೆ ಪರಿಹಾರ ಕೊಡದೆ ಬರಿಯ ಉಪದೇಶದಿಂದ ಯಾವ ಗೋಡೆಯೂ ನಿಲ್ಲದು.

ಉಳಿಸಲಾಗದಿದ್ದರೆ ಕೆಡವುವ ಮುನ್ನ ಅಳತೆ, ನಕ್ಷೆ, ಫೋಟೋಗಳನ್ನಾದರೂ ಇಡೋಣ. ಅಟ್ಟದ ಉರ್ದು ಕಾಗದಪತ್ರಗಳನ್ನು ರದ್ದಿಗೆ ಹಾಕದಿರೋಣ.

2020ರಲ್ಲಿ ಕೊರೊನಾ ಬಂದಾಗ ಗಾಳಿಯಾಡುವಂತೆ ಕಿಟಕಿ ತೆರೆದಿಡಿ ಎಂದರು. ಪಕ್ಕದ ಗೋಡೆಗೆ ತೆರೆದುಕೊಳ್ಳುವ ಕಿಟಕಿಗಳ ಮುಂದೆ ನಿಂತು ನಾವು ಆ ಮಾತು ಕೇಳಿದೆವು. ನೂರು ವರ್ಷದ ಹಿಂದೆ ನಮ್ಮ ಅಜ್ಜಂದಿರು ಅದನ್ನು ಅರಿತು ಮನೆ ಕಟ್ಟಿದ್ದರು.