ಒಂದು ವಿರಹಗೀತದ ಸಂಚಾರ

ವಿಜಯಪುರದಿಂದ ಪಡುವಲಿಗೆ ತಿಕೋಟಾದ ದಾರಿಯನ್ನು ಹಿಡಿದು ನಾಲ್ಕು ಮೈಲಿ ಹೋಗುವಷ್ಟರಲ್ಲಿ ತೊರವಿ ಎಂಬ ಊರು ಸಿಕ್ಕುತ್ತದೆ. ಊರ ಹೊರಗಿನ ಬಯಲಿನಲ್ಲಿ ಒಡೆದ ಗೋಡೆಗಳೂ ಎತ್ತರವಾದ ಕಮಾನುಗಳುಳ್ಳ ಒಂದು ಪಾಳುಮಹಲೂ ಇವೆ. ಜನರು ಅದನ್ನು ಸಂಗೀತಮಹಲು ಎಂದು ಕರೆಯುತ್ತಾರೆ. ಗೋಳಗುಮ್ಮಟದಲ್ಲಿ ಪಿಸುಮಾತಿನ ಚಮತ್ಕಾರವನ್ನು ಕೇಳಿ ಸಂತೋಷಪಡುವ ಯಾತ್ರಿಕರಲ್ಲಿ ಬಹುಮಂದಿ ಇತ್ತ ಸುಳಿಯುವುದೇ ಇಲ್ಲ. ಆದಿಲಶಾಹಿ ಮನೆತನದ ಎರಡನೆಯ ಇಬ್ರಾಹಿಮನು (1580–1627) 1599ರಲ್ಲಿ ಕಟ್ಟಿಸತೊಡಗಿದ ನವರಸಪುರವೆಂಬ ನಗರವು ಇದೇ. 1624ರಲ್ಲಿ, ಎಂದರೆ ಆ ದೊರೆಯು ಇನ್ನೂ ಬದುಕಿರುವಾಗಲೇ, ಮಲಿಕ್ ಅಂಬರನ ದಂಡು ಬಂದು ಅದನ್ನು ಹಾಳುಗೆಡವಿತು.

ಆದರೆ ಕಟ್ಟಡಗಳು ಬಿದ್ದುದಕ್ಕಿಂತ ಹೆಚ್ಚಾಗಿ ನಮಗೆ ವ್ಯಥೆಯನ್ನುಂಟುಮಾಡುವ ನಷ್ಟವು ಬೇರೊಂದು ಉಂಟು. ಇಬ್ರಾಹಿಮನು ಸ್ವತಃ ಗೀತಕಾರ. ಪ್ರಜೆಗಳು ಅವನನ್ನು ಜಗದ್ಗುರುವೆಂದು ಕರೆದರು. ಅವನು ತನ್ನ ತಂಬೂರಿಗೆ ಮೋತಿಖಾನನೆಂದು ಹೆಸರಿಟ್ಟು ಪ್ರೀತಿಯಿಂದ ಹಾಡಿಕೊಂಡನು. ಅವನ ‘ಕಿತಾಬ್-ಎ-ನವರಸ್’ ಎಂಬ ಗ್ರಂಥದಲ್ಲಿ 59 ಗೀತಗಳೂ 17 ದೋಹೆಗಳೂ ಇವೆ. ಶಾರದೆಯ ಸ್ತುತಿಯುಂಟು, ಗಣಪತಿಯ ಸ್ತುತಿಯುಂಟು, ಕಲಬುರ್ಗಿಯ ಬಂದೇನವಾಜರ ಸ್ತುತಿಯುಂಟು. ಅವುಗಳ ನಡುವೆ ಶೃಂಗಾರದ, ವಿರಹದ ಗೀತಗಳೂ ಉಂಟು. ಗೀತಗಳನ್ನು ಭೈರವ, ಕೇದಾರ, ಕಲ್ಯಾಣ, ತೋಡಿ, ಕಾನಡಾ ಮೊದಲಾದ ರಾಗಗಳ ಹೆಸರಿನಲ್ಲಿ ವಿಂಗಡಿಸಿ ಬರೆದಿದೆ. ಪಾಠವನ್ನು 1956ರಲ್ಲಿ ನಜೀರ್ ಅಹಮದರು ಶೋಧಿಸಿ ಅಚ್ಚುಹಾಕಿಸಿದ್ದಾರೆ. ಓದಬಹುದು, ಅರ್ಥ ಮಾಡಿಕೊಳ್ಳಬಹುದು, ಹಾಡುವುದು ಹೇಗೆ? ಮಟ್ಟು ಯಾರ ಕೊರಳಲ್ಲಿಯೂ ಉಳಿಯಲಿಲ್ಲ. ಅಂದು ಆಸ್ಥಾನದಲ್ಲಿ ಹಾಡಿದ ನೂರಾರು ಗಾಯಕರಲ್ಲಿ ಒಬ್ಬನಿಂದ ಒಬ್ಬನಿಗೆ, ಅವನಿಂದ ಮತ್ತೊಬ್ಬನಿಗೆ ದಾಟಿಕೊಂಡು ಬರಬೇಕಾಗಿದ್ದ ವಸ್ತುವು ನಡುವೆ ಎಲ್ಲಿಯೋ ಕೈತಪ್ಪಿತು. ಒಂದು ನಗರವನ್ನೇ ಸಂಗೀತಕ್ಕಾಗಿ ಕಟ್ಟಿಸಿದ ದೊರೆಯ ಪ್ರೇಮಗೀತಕ್ಕೆ ಇಂದು ಧ್ವನಿಯಿಲ್ಲ.

ಇನ್ನು ಅದೇ ದಾರಿಯಲ್ಲಿ ಮುಂದೆ ನಡೆಯೋಣ. ತಿಕೋಟಾ ಕಳೆದು ಅಥಣಿ ಕಳೆದು ಆ ದಾರಿಯು ಮಿರಜಕ್ಕೆ ಹೋಗಿ ಸೇರುತ್ತದೆ. ನಾವು ಇಂದು ಹೇಳಬೇಕೆಂದಿರುವ ಗೀತದ ಮೊದಲ ಪ್ರಸಿದ್ಧ ಗಾಯಕರು ಆ ಮಿರಜದಲ್ಲಿ ನೆಲಸಿ, ಅಲ್ಲಿಯ ಮೀರಾಸಾಹೇಬರ ದರ್ಗಾದ ಆವರಣದಲ್ಲಿಯೇ ಮಣ್ಣಾದರು. ಅವರು ಉಸ್ತಾದ್ ಅಬ್ದುಲ್ ಕರೀಂ ಖಾನರು. ಗೀತವು ‘ಪಿಯಾ ಬಿನ್’ ಎಂಬ ಎರಡು ಮಾತಿನಿಂದ ಮೊದಲಾಗುವ ಒಂದು ಠುಮ್ರಿ. ನವರಸಪುರದ ಗೀತಗಳಿಗೆ ಒದಗಿದ ಗತಿಗೆ ಇದರದು ನೇರವಾಗಿ ಎದುರಾದ ಗತಿ. ಇದರ ಸಾಹಿತ್ಯವನ್ನು ಯಾವ ದೊರೆಯೂ ಗ್ರಂಥವಾಗಿ ಬರೆಸಲಿಲ್ಲ. ಆದರೆ ಮಟ್ಟನ್ನು ಮಾತ್ರ ಇಂದಿಗೂ ಸಾವಿರಾರು ಮಂದಿ ಗುನುಗಿಕೊಳ್ಳಬಲ್ಲರು.

ಠುಮ್ರಿಯೆಂದರೆ ನಮ್ಮ ಕಡೆಯ ಜಾವಳಿಗೆ ಉತ್ತರದೇಶದ ಅಕ್ಕನೆನ್ನಬಹುದು. ಮಾತು ಸ್ವಲ್ಪ, ಭಾವ ಬಹಳ. ಈ ಠುಮ್ರಿಯಲ್ಲಿ ಕಥೆಯೇ ಇಲ್ಲ. ಇನಿಯನು ದೂರದಲ್ಲಿದ್ದಾನೆ, ಹೆಣ್ಣಿನ ಮನಸ್ಸಿಗೆ ನೆಮ್ಮದಿಯಿಲ್ಲ, ಅದನ್ನು ಯಾರ ಮುಂದೆ ತೋಡಿಕೊಳ್ಳುವುದೆಂಬುದು ತಿಳಿಯದು. ಅಷ್ಟೇ. ಹೋದವನು ಯಾರು, ಏಕೆ ಹೋದ, ಮರಳಿ ಬರುವನೆ, ಒಂದನ್ನೂ ಗೀತವು ಹೇಳುವುದಿಲ್ಲ. ಹೆಸರಿಲ್ಲದ ಹೆಣ್ಣು, ಹೆಸರಿಲ್ಲದ ಊರು. ರಾಗವು ಝಿಂಝೋಟಿ, ದಕ್ಷಿಣದ ಶ್ರೋತೃಗಳಿಗೆ ಪರಿಚಿತವಾದ ಜಂಝೂಟಿಯ ನೆಂಟ. ಈ ರಾಗವು ಹೆಚ್ಚು ಎತ್ತರಕ್ಕೆ ಹಾರುವುದಿಲ್ಲ. ಮಂದ್ರದಲ್ಲಿಯೂ ಮಧ್ಯದಲ್ಲಿಯೂ ಸುಳಿದಾಡಿಕೊಂಡು, ಜನಪದದ ಮಟ್ಟುಗಳಿಗೆ ಬಹು ಸಮೀಪದಲ್ಲಿ ನಿಲ್ಲುತ್ತದೆ. ಆದುದರಿಂದ ವಿದ್ವಾಂಸನಿಗೂ ಇದು ಒದಗುತ್ತದೆ, ನೀರು ತರುವವಳ ಬಾಯಿಗೂ ಒದಗುತ್ತದೆ.

ಗೀತವು ಹೆಣ್ಣಿನ ಮಾತು. ಅದನ್ನು ಪ್ರಸಿದ್ಧಿಗೆ ತಂದವರೆಲ್ಲರೂ ಗಂಡಸರು. ಇದರಲ್ಲಿ ಅಸಂಗತವಾದುದು ಏನೂ ಇಲ್ಲವೆಂದು ಕನ್ನಡಿಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಶರಣನೇ ಸತಿ, ಲಿಂಗವೇ ಪತಿ ಎಂದು ನುಡಿದ ನಾಡು ನಮ್ಮದು. ಬಸವಣ್ಣನವರ ಬಾಗೇವಾಡಿಯು ಇದೇ ವಿಜಯಪುರದ ಸೀಮೆಯಲ್ಲಿಯೇ ಇದೆಯಲ್ಲವೆ!

ಖಾನ್‌ಸಾಹೇಬರು 1872ರಲ್ಲಿ ಉತ್ತರದ ಕಿರಾಣಾ ಎಂಬ ಊರಿನಲ್ಲಿ ಜನಿಸಿದರು. ಬಡೋದೆಯ ಆಸ್ಥಾನದಲ್ಲಿ ಕೆಲವು ಕಾಲ ಇದ್ದು, ಅಲ್ಲಿಂದ ತಾರಾಬಾಯಿಯವರೊಂದಿಗೆ ಹೊರಟುಬಂದು, ಮಹಾರಾಷ್ಟ್ರ ಕರ್ನಾಟಕಗಳ ಗಡಿಯ ಊರುಗಳಲ್ಲಿ ಬಾಳಿದರು. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿದರು. ಮನೆತನದ ವಿದ್ಯೆಯನ್ನು ಮಕ್ಕಳಿಗೂ ಅಳಿಯಂದಿರಿಗೂ ಹೊರತು ಬೇರೆಯವರಿಗೆ ಕೊಡಲೊಲ್ಲದ ಉಸ್ತಾದರ ಕಾಲದಲ್ಲಿ ಇದು ಸಾಮಾನ್ಯವಾದ ಕಾರ್ಯವಲ್ಲ. ಮೈಸೂರಿನ ಅರಮನೆಗೆ ಅವರು ಬಂದು ಹೋಗುತ್ತಿದ್ದರು. ಸಂಗೀತರತ್ನವೆಂಬ ಬಿರುದು ಅಲ್ಲಿಂದ ಬಂದುದು. ದಾಕ್ಷಿಣಾತ್ಯ ಪದ್ಧತಿಯನ್ನು ಶ್ರದ್ಧೆಯಿಂದ ಪರಿಶೀಲಿಸಿ ತ್ಯಾಗರಾಜರ ಕೃತಿಯನ್ನು ತಟ್ಟೆಗೆ ಹಾಡಿದ ಹಿಂದೂಸ್ಥಾನೀ ಗಾಯಕರಲ್ಲಿ ಅವರೇ ಮೊದಲಿಗರು. ಆ ದಾರಿಯಲ್ಲಿ ಧಾರವಾಡದಲ್ಲಿ ಇಳಿದು ಪಾಠ ಹೇಳುತ್ತಿದ್ದುದರ ಫಲವಾಗಿ ಕುಂದಗೋಳದ ರಾಮಭಾವುಗಳು, ಅರ್ಥಾತ್ ಸವಾಯಿ ಗಂಧರ್ವರು, ಅವರ ಶಿಷ್ಯರಲ್ಲಿ ಅಗ್ರಗಣ್ಯರಾದರು.

ತಟ್ಟೆಗೆ ಹಾಡುವ ವಿಷಯದಲ್ಲಿ ಅನೇಕ ಉಸ್ತಾದರಿಗೆ ಭಯವಿತ್ತು. ವಿದ್ಯೆಯನ್ನು ಕಳ್ಳರು ಒಯ್ಯುವರೆಂದು ಕೆಲವರು, ಮೂರು ನಿಮಿಷದಲ್ಲಿ ರಾಗದ ಮಾನವನ್ನು ಕಳೆಯಲೇ ಎಂದು ಕೆಲವರು ಹಿಂಜರಿದರು. ಖಾನ್‌ಸಾಹೇಬರು 1905ರ ಸುಮಾರಿನಲ್ಲಿಯೇ ತಟ್ಟೆಗೆ ಹಾಡಿದವರು. ‘ಪಿಯಾ ಬಿನ್’ ಬಂದುದು ಅದಕ್ಕೆ ಬಹಳ ವರ್ಷಗಳ ತರುವಾಯ. ಅವರ ಶಾರೀರವು ತೆಳುವು, ಎತ್ತರದ ಶ್ರುತಿಯದು, ಸ್ವಲ್ಪ ಮೂಗಿನ ಛಾಯೆಯುಳ್ಳದ್ದು. ಮೊದಲು ಕೇಳಿದವರಿಗೆ ಇದೇನು ದೊಡ್ಡ ಗಾಯಕರ ಧ್ವನಿಯೇ ಎನ್ನಿಸುವುದೂ ಉಂಟು. ಎರಡನೆಯ ಸಲಕ್ಕೆ ಆ ಸಂಶಯವು ಉಳಿಯದು. ಸ್ವರದ ಮೇಲೆ ಅವರು ನಿಲ್ಲುವ ರೀತಿಯಲ್ಲಿ, ತೆರೆದ ಬಾಗಿಲಲ್ಲಿ ನಿಂತು ದಾರಿ ನೋಡುವವರ ತಾಳ್ಮೆಯಿದೆ. ಅಳುವಿಲ್ಲ, ಅಳುವನ್ನು ತಡೆದಿರುವ ಸದ್ದು ಇದೆ.

1922ರಲ್ಲಿ ತಾರಾಬಾಯಿಯವರು ಮಕ್ಕಳನ್ನು ಕರೆದುಕೊಂಡು ಖಾನ್‌ಸಾಹೇಬರ ಮನೆಯನ್ನು ಬಿಟ್ಟು ಹೋದರು. ಆ ದುಃಖವೇ ಈ ಠುಮ್ರಿಯಾಯಿತೆಂದು ಹೇಳುವ ಆಸೆಯು ಯಾರಿಗಾದರೂ ಆಗಬಹುದು. ನಾವು ಆ ಕಥೆಯನ್ನು ಕಟ್ಟಲಾರೆವು. ಹಾಡುಗಾರನ ಮನೆಯ ವಿಚಾರದಿಂದ ಹಾಡನ್ನು ಬಿಡಿಸಲು ಹೊರಟರೆ, ಅವನ ಮನೆಯ ಹೆಸರೂ ಅರಿಯದೆ ಕೇಳಿ ಕಣ್ಣೀರು ತಂದವರ ಅನುಭವಕ್ಕೆ ಏನು ಉತ್ತರ ಹೇಳುವುದು?

ಹಾಗೆ ಹೆಸರು ಮಾತ್ರ ಅರಿತು ಕೇಳಿದವರಲ್ಲಿ ಒಬ್ಬ ಬಾಲಕನು ಗದಗಿನಲ್ಲಿದ್ದನು. ಶಾಲೆಯ ಉಪಾಧ್ಯಾಯರ ಮಗ. 1922ರಲ್ಲಿ ರೋಣದಲ್ಲಿ ಹುಟ್ಟಿದವನು. ಖಾನ್‌ಸಾಹೇಬರ ಈ ಠುಮ್ರಿಯ ತಟ್ಟೆಯು ಅವನ ಕಿವಿಗೆ ಬಿದ್ದಿತು. ಇಂಥ ಹಾಡು ತನಗೂ ಬರಬೇಕೆಂಬ ಹಂಬಲವು ಹುಡುಗನನ್ನು ಹಿಡಿಯಿತು. 1933ರಲ್ಲಿ, ಹನ್ನೊಂದು ವರ್ಷದ ಪ್ರಾಯದಲ್ಲಿ, ಅವನು ಯಾರಿಗೂ ಹೇಳದೆ ಮನೆಯನ್ನು ಬಿಟ್ಟನು. ಗುರುವನ್ನು ಹುಡುಕಿಕೊಂಡು ಅವನು ಮೊದಲು ಹೊರಟುದು ಬಿಜಾಪುರದ ಕಡೆಗೆ. ವಿಜಯಪುರಕ್ಕೆ 2014ರವರೆಗೆ ಅದೇ ಹೆಸರು. ನವರಸಪುರವು ಹಾಳಾಗಿ ಮುನ್ನೂರು ವರ್ಷಗಳು ಕಳೆದಿದ್ದವು. ಅಲ್ಲಿ ಅವನಿಗೆ ಕಲಿಸಲು ಯಾವ ಜಗದ್ಗುರುವೂ ಕಾದಿರಲಿಲ್ಲ. ರೈಲಿನ ಸಹಪ್ರಯಾಣಿಕರು ಕೊಟ್ಟ ಹಣದಿಂದ ಪುಣೆ, ಅಲ್ಲಿಂದ ಮುಂದೆ ಗ್ವಾಲಿಯರ್. ದಿಲ್ಲಿ, ಕಲಕತ್ತೆ, ಲಖನೌ, ರಾಮಪುರ. ಮೂರು ವರ್ಷಗಳ ಅಲೆದಾಟ. ಕೊನೆಗೆ ತಂದೆಯು ಜಾಲಂಧರದಲ್ಲಿ ಮಗನನ್ನು ಕಂಡುಹಿಡಿದು ಊರಿಗೆ ಕರೆತಂದರು. 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರು ಅವನನ್ನು ಶಿಷ್ಯನಾಗಿ ಸ್ವೀಕರಿಸಿದರು. ಗದಗಿನಿಂದ ಕುಂದಗೋಳಕ್ಕೆ ಎಷ್ಟು ದೂರ! ಭಾರತವನ್ನೆಲ್ಲ ಸುತ್ತಿ ಬಂದ ಹುಡುಗನಿಗೆ ಖಾನ್‌ಸಾಹೇಬರ ವಿದ್ಯೆಯು ನೆರೆಯ ಊರಿನಲ್ಲಿಯೇ ಸಿಕ್ಕಿತು. ಹುಡುಗನ ಹೆಸರು ಭೀಮಸೇನ ಜೋಶಿ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ತಂದೆತಾಯಿಗಳ ಪಾಲಿಗೆ ಆ ಮೂರು ವರ್ಷಗಳು ಏನಾಗಿದ್ದಿರಬೇಕು? ಪ್ರಿಯರು ದೂರವಾದರೆ ನೆಮ್ಮದಿಯಿಲ್ಲವೆಂದು ಹಾಡಿದ ತಟ್ಟೆಯು ಒಂದು ಮನೆಯ ನೆಮ್ಮದಿಯನ್ನೇ ಕೊಂಡೊಯ್ದಿತು. ದೊಡ್ಡ ಗಾಯಕರ ಚರಿತ್ರೆಯನ್ನು ಬರೆಯುವವರು ಈ ಪಲಾಯನವನ್ನು ಸಾಹಸವೆಂದು ಕೊಂಡಾಡುತ್ತಾರೆ, ಕೊಂಡಾಡಲಿ. ಮಗನು ಭೀಮಸೇನನಾಗದೆ ದಾರಿಯಲ್ಲಿಯೇ ಕಳೆದುಹೋಗಿದ್ದರೆ ಆ ಹಾಡನ್ನು ಆ ಮನೆಯವರು ಮತ್ತೆ ಹೇಗೆ ಕೇಳುತ್ತಿದ್ದರು ಎಂಬುದನ್ನೂ ನಾವು ಮರೆಯಲಾಗದು.

ಬಾಲಕನು ಉತ್ತರದೇಶದಲ್ಲಿ ಅಲೆಯುತ್ತಿದ್ದಾಗಲೇ ಗೀತವು ಬೇರೊಂದು ಹಾದಿಯನ್ನು ಹಿಡಿಯಿತು. 1935ರಲ್ಲಿ ಕಲಕತ್ತೆಯ ನ್ಯೂ ಥಿಯೇಟರ್ಸಿನವರು ಪ್ರಮಥೇಶ ಬರುವಾ ಅವರ ನಿರ್ದೇಶನದಲ್ಲಿ ‘ದೇವದಾಸ’ ಎಂಬ ಹಿಂದೀ ವಾಕ್ಚಿತ್ರವನ್ನು ಹೊರತಂದರು. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಆಕಾಶವಾಣಿಯನ್ನು ಆರಂಭಿಸಿದುದೂ ಅದೇ ವರ್ಷ. ಚಿತ್ರದಲ್ಲಿ ನಾಯಕನಾದ ಕುಂದನಲಾಲ್ ಸೈಗಲರು ಖಾನ್‌ಸಾಹೇಬರ ಠುಮ್ರಿಯನ್ನು ಹಾಡಿದರು. ಮಾತಿನ ಕ್ರಮವು ಅಲ್ಲಲ್ಲಿ ಒಂದಿಷ್ಟು ಹಿಂದುಮುಂದಾಯಿತು, ರಾಗದ ವಿಸ್ತಾರವು ಕುಗ್ಗಿತು, ಖಾನ್‌ಸಾಹೇಬರ ಸೂಕ್ಷ್ಮವಾದ ಎಳೆತಗಳಲ್ಲಿ ಹಲವು ಬಿಟ್ಟುಹೋದವು. ಸೈಗಲರದು ಕೆಳಶ್ರುತಿಯ ತುಂಬುಗಂಠ. ಧ್ವನಿವಾಹಕದ ಮುಂದೆ ಕೂಗುವ ಅಗತ್ಯವಿರಲಿಲ್ಲವಾದ್ದರಿಂದ ಅವರು ಪಕ್ಕದಲ್ಲಿ ಕುಳಿತವನಿಗೆ ಹೇಳುವಂತೆ ಹಾಡಿದರು. ಖಾನ್‌ಸಾಹೇಬರಲ್ಲಿ ಗೀತವು ಪ್ರಾರ್ಥನೆಗೆ ಹತ್ತಿರ. ಸೈಗಲರಲ್ಲಿ ಅದು ತನ್ನ ಕೈಯಿಂದಲೇ ಬಾಳನ್ನು ಕೆಡಿಸಿಕೊಂಡವನ ಗೊಣಗು. ಹೆಣ್ಣಿನ ಮಾತನ್ನು ದೇವದಾಸನು ತನ್ನ ಮಾತಾಗಿ ಆಡಿದನು. ಚಿತ್ರಮಂದಿರದಲ್ಲಿ ಕುಳಿತವರಿಗೆ ಅದು ಸಹಜವಾಗಿಯೇ ಕೇಳಿಸಿತು.

ಖಾನ್‌ಸಾಹೇಬರು ಸೈಗಲರ ಹಾಡನ್ನು ಕೇಳಿ ಮೆಚ್ಚಿಕೊಂಡರೆಂಬ ಕಥೆಯು ಸಂಗೀತಗಾರರಲ್ಲಿ ಬಳಕೆಯಲ್ಲಿದೆ. ಕಥೆಯು ಹೇಗೇ ಇರಲಿ, ಗುರುಮುಖದಿಂದ ದೀರ್ಘಕಾಲ ಪಾಠವಾಗದ ಒಬ್ಬ ಚಿತ್ರನಟನು ಕಿರಾಣಾ ಮನೆತನದ ಸೊತ್ತನ್ನು ಬೀದಿಗೆ ತಂದನೆಂದು ಕೋಪಿಸಿಕೊಳ್ಳುವ ರಸಿಕರು ಇದ್ದರು, ಇದ್ದಾರೆ. ಅವರ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ನಕಲಿನಿಂದ ನಕಲಾಗುತ್ತ ಹೋದ ಮಟ್ಟು ಸವೆಯುವುದು ನಿಜ. ಆದರೆ ನವರಸಪುರವನ್ನು ನೋಡಿ ಬಂದವರಿಗೆ ಸವೆತಕ್ಕಿಂತ ಭಯಂಕರವಾದುದು ಮೌನವೆಂಬುದು ತೋರದೆ ಇರದು. ಸವೆದ ನಾಣ್ಯವು ಚಲಾವಣೆಯಲ್ಲಿದೆಯೆಂಬುದಕ್ಕೆ ಸವೆತವೇ ಸಾಕ್ಷಿ.

ಮಟ್ಟು ಉಳಿಯಬೇಕಾದರೆ ಮಾಲಿಕನು ಇರಬಾರದೆಂಬುದನ್ನು ಆ ಸೀಮೆಯ ಹೆಂಗಸರು ಯಾವ ಶಾಸ್ತ್ರವನ್ನೂ ಓದದೆ ಅರಿತಿದ್ದರು. ತಿಕೋಟಾದ ಕಡೆಗಾಗಲಿ, ವಿಜಯಪುರದಿಂದ ಕೃಷ್ಣೆಯ ಕಡೆಗೆ ಹೋಗುವ ದಾರಿಯಲ್ಲಿರುವ ಬಬಲೇಶ್ವರದ ಕಡೆಗಾಗಲಿ, ಬೀಸುವ ಕಲ್ಲು ಮನೆಮನೆಯಲ್ಲಿದ್ದ ಕಾಲದಲ್ಲಿ ತ್ರಿಪದಿಯು ಬೆಳಗಿನ ಜಾವದ ಹಾಡಾಗಿತ್ತು. ಗಂಡನ ಮೇಲಿನ ಒಲವು, ತವರಿನ ನೆನಪು, ಬಾರದ ಅಣ್ಣನ ದಾರಿ, ಎಲ್ಲಕ್ಕೂ ಅದೇ ಮೂರು ಸಾಲು, ಅದೇ ಮಟ್ಟು, ಹಾಡಿದವಳದೇ ಹಾಡು. ಅದೇ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಕೂಡಿ 1931ರಲ್ಲಿ ‘ಗರತಿಯ ಹಾಡು’ ಎಂದು ಅವನ್ನು ಪ್ರಕಟಿಸಿದಾಗ ಕವಿಗಳ ಹೆಸರನ್ನು ಬರೆಯಲು ಅವಕಾಶವೇ ಇರಲಿಲ್ಲ. ‘ಪಿಯಾ ಬಿನ್’ ಠುಮ್ರಿಯು ತಟ್ಟೆಯ ಮೇಲೆ ಉಸ್ತಾದರ ಹೆಸರನ್ನು ಹೊತ್ತು ಹೊರಟರೂ ಕೆಲವೇ ವರ್ಷಗಳಲ್ಲಿ ಈ ತ್ರಿಪದಿಗಳ ಪಂಕ್ತಿಗೆ ಬಂದು ಸೇರಿತು.

ವಾಕ್ಚಿತ್ರದ ಗಾಯನವು ವಿಜಯಪುರಕ್ಕೆ ದೂರದ ವಸ್ತುವಾಗಿಯೇ ಉಳಿಯಲಿಲ್ಲ. ಆಗ ಆ ಜಿಲ್ಲೆಗೆ ಸೇರಿದ್ದ ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರು ಮುಂಬಯಿಗೆ ಹೋಗಿ, 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶವೆಲ್ಲ ಬಲ್ಲ ಗಾಯಕಿಯಾದರು. ವಿಜಯಪುರದ ಅಮೀರ್ ಟಾಕೀಸು ಅವರ ಹೆಸರಿನದು. ಇಬ್ರಾಹಿಮನ ಊರಿನಲ್ಲಿ ಸಂಗೀತದ ಹೆಸರು ಹೊತ್ತು ಎದ್ದ ಎರಡನೆಯ ಮಹಲು ಇದೆಂದರೆ ವಿನೋದವೆನ್ನಿಸಬಹುದು. ಅದರ ಬಾಗಿಲು ಮಾತ್ರ ಟಿಕೀಟು ಕೊಂಡವರಿಗೆಲ್ಲ ತೆರೆಯಿತು.

ಖಾನ್‌ಸಾಹೇಬರು 1937ರ ಅಕ್ಟೋಬರ್ 27ರಂದು, ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ, ಸಿಂಗಪೆರುಮಾಳ್ ಕೋಯಿಲ್ ಎಂಬ ಚಿಕ್ಕ ರೈಲುನಿಲ್ದಾಣದಲ್ಲಿ ತೀರಿಕೊಂಡರು. ಸೈಗಲರು 1947ರ ಜನವರಿ 18ರಂದು ಜಾಲಂಧರದಲ್ಲಿ ಕಣ್ಣುಮುಚ್ಚಿದರು. ಗದಗಿನ ಹುಡುಗನನ್ನು ತಂದೆಯು ಕಂಡುಹಿಡಿದ ಊರೂ ಅದೇ. ಭೀಮಸೇನರು 2011ರವರೆಗೆ ಬಾಳಿ ಭಾರತರತ್ನರಾದರು. ಬಾಲ್ಯದಲ್ಲಿ ಮನೆ ಬಿಡಿಸಿದ ಠುಮ್ರಿಯನ್ನು ಅವರೂ ಹಾಡಿದರು. ಆದರೆ ಅವರ ಹೆಸರಿನೊಡನೆ ಹೆಚ್ಚಾಗಿ ಸೇರಿಹೋದುದು ಖಾನ್‌ಸಾಹೇಬರದೇ ಇನ್ನೊಂದು ಠುಮ್ರಿ, ಜೋಗಿಯಾ ರಾಗದ್ದು. ಅಲ್ಲಿಯೂ ಇನಿಯನೇ ವಿಷಯ. ಅಲ್ಲಿ ಮಿಲನದ ಆಸೆಯುಂಟು.

ಶ್ರೋತೃಗಳಿಗೆ ನಮ್ಮದೊಂದು ಬಿನ್ನಹ. ಬಿಡುವಿದ್ದ ಒಂದು ಸಂಜೆ ಮೊದಲು ಖಾನ್‌ಸಾಹೇಬರ ‘ಪಿಯಾ ಬಿನ್’ ಕೇಳಿ, ನಡುವೆ ಬೇರೆ ಯಾವುದನ್ನೂ ಕೇಳದೆ, ಸೈಗಲರದನ್ನು ಕೇಳಿರಿ. ಎರಡಕ್ಕೂ ಸೇರಿ ಹತ್ತು ನಿಮಿಷವೂ ಹಿಡಿಯದು. ತರುವಾಯ ಭೀಮಸೇನರ ಜೋಗಿಯಾ. ಅದಕ್ಕೆ ಮಾತ್ರ ಹೊತ್ತು ನೋಡದೆ ಕುಳಿತುಕೊಳ್ಳಬೇಕು.