ಐಸ್ ಚೀಲದಿಂದ ರಕ್ತನಾಳದ ಕೊಳವೆಯವರೆಗೆ

2012ರ ಮೇ ತಿಂಗಳು. ಆಗ ಛತ್ರಪತಿ ಸಂಭಾಜಿನಗರಕ್ಕೆ ಔರಂಗಾಬಾದ್ ಎಂದೇ ಹೆಸರು. ಅಲ್ಲಿನ ವಾಳೂಜ್ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನನ್ನಣ್ಣ ಶಿಫ್ಟ್ ಮುಗಿಸಿ ಹೊರಬರುವಾಗ ಗೇಟಿನ ಬಳಿ ಕುಸಿದುಬಿದ್ದ. ಜೊತೆಯವರು ಎದೆ ಒತ್ತಿದರು, ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ನಿಂತಿದ್ದ ಹೃದಯ ಮತ್ತೆ ಬಡಿಯಿತು, ಎಚ್ಚರ ಮಾತ್ರ ಬರಲಿಲ್ಲ. ನಾನು ನಾಸಿಕದ ಸಾತಪುರದಿಂದ ಹೊರಟು ಯೇವಲಾ, ವೈಜಾಪುರ ದಾಟಿ ತಲುಪುವಷ್ಟರಲ್ಲಿ ರಾತ್ರಿಯಾಗಿತ್ತು.

ಐಸಿಯುನಲ್ಲಿ ಅಣ್ಣನ ಕಂಕುಳಲ್ಲಿ, ಕುತ್ತಿಗೆಯ ಪಕ್ಕದಲ್ಲಿ, ತೊಡೆಸಂದಿಯಲ್ಲಿ ಐಸ್ ತುಂಬಿದ ಪ್ಲಾಸ್ಟಿಕ್ ಚೀಲಗಳಿದ್ದವು. ಮಿದುಳು ಉಳಿಯಬೇಕಾದರೆ ಮೈ ತಣ್ಣಗಿರಬೇಕು ಎಂದರು ಡಾಕ್ಟರು. ಹೊರಗೆ ಮರಾಠವಾಡಾದ ಬೇಸಿಗೆ. ಐಸ್ ಕರಗಿದಾಗಲೆಲ್ಲ ರಸ್ತೆಯಾಚೆಯ ರಸವಂತಿಗೆ ಹೋಗಿ, ಕಬ್ಬಿನ ಹಾಲಿಗೆಂದು ಇಟ್ಟಿದ್ದ ಐಸ್ ಒಡೆಸಿ ತರುತ್ತಿದ್ದೆ. ರಕ್ತನಾಳದೊಳಗೇ ಕೊಳವೆ ಇಳಿಸಿ ಮೈ ತಂಪು ಮಾಡುವ ಮಷಿನ್ ದೊಡ್ಡ ಊರುಗಳಲ್ಲಿದೆ, ಮುಂಬೈಗೆ ಒಯ್ಯಿರಿ ಎಂದು ನೆಂಟರೊಬ್ಬರು ಹೇಳಿದರು. ವೆಂಟಿಲೇಟರ್ ಮೇಲಿದ್ದವನನ್ನು ಅಷ್ಟು ದೂರ ಸಾಗಿಸುವ ಧೈರ್ಯ ನನಗಾಗಲಿಲ್ಲ. ದುಡ್ಡಿನ ಲೆಕ್ಕವೂ ತಲೆಯಲ್ಲಿತ್ತು, ಸುಳ್ಳೇಕೆ ಹೇಳಲಿ. ನಾಲ್ಕನೆಯ ದಿನ ಅಣ್ಣ ಹೋದ.

ವೈನಿ ನನ್ನನ್ನು ಎಂದೂ ದೂರಲಿಲ್ಲ. ವರ್ಷಾಂತಿಕದ ದಿನ ಮಾತ್ರ ಒಮ್ಮೆ ಕೇಳಿದರು: "ಆ ಮಷಿನ್ ಇದ್ದಲ್ಲಿ ಒಯ್ದಿದ್ರ ಅವರು ಉಳೀತಿದ್ರೇನು?" ಉತ್ತರ ಹುಡುಕುತ್ತ ನಾನು ಓದತೊಡಗಿದೆ. ಓದುತ್ತ ಹೋದಂತೆ ತಂಪಿಗೂ ಒಂದು ಉದ್ದನೆಯ ಚರಿತ್ರೆ ಇರುವುದು ತಿಳಿಯಿತು.

ಜ್ವರ ಬಂದವರ ಹಣೆಗೆ ಒದ್ದೆ ಬಟ್ಟೆ ಹಾಕುವುದು ನಮ್ಮ ಅವ್ವಂದಿರಿಗೆ ಯಾರೂ ಕಲಿಸಿಕೊಟ್ಟ ವಿದ್ಯೆಯಲ್ಲ. ಇಡೀ ಮೈಯನ್ನೇ ದಿನಗಟ್ಟಲೆ ತಣ್ಣಗಿಟ್ಟು ನೋಡಿದವನು ಅಮೆರಿಕದ ಫಿಲಡೆಲ್ಫಿಯಾದ ನರಶಸ್ತ್ರವೈದ್ಯ ಟೆಂಪಲ್ ಫೇ. 1938ರ ಸುಮಾರಿಗೆ ಆತ ಕ್ಯಾನ್ಸರ್ ರೋಗಿಗಳನ್ನು ಐಸಿನಿಂದ ತಂಪು ಮಾಡಿದ. ಕೆಲವೇ ವರ್ಷಗಳಲ್ಲಿ, 1942ರಲ್ಲಿ, ನಾಜಿಗಳು ಡಾಖಾವ್ ಶಿಬಿರದ ಕೈದಿಗಳನ್ನು ಐಸ್ ನೀರಿನಲ್ಲಿ ಮುಳುಗಿಸಿ ಕೊಂದರು. ಅದಕ್ಕೂ ಪ್ರಯೋಗ ಎಂದೇ ಹೆಸರಿಟ್ಟಿದ್ದರು. ಈ ಚರಿತ್ರೆ ಬರೆಯುವವರು ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

1950ರಲ್ಲಿ ಕೆನಡಾದ ಬಿಗೆಲೋ, ಮೈ ತಣ್ಣಗಾದರೆ ದೇಹಕ್ಕೆ ಬೇಕಾಗುವ ಆಮ್ಲಜನಕ ಕಡಿಮೆಯಾಗುತ್ತದೆ, ಆಗ ರಕ್ತಸಂಚಾರ ತಡೆದು ಹೃದಯ ತೆರೆಯಬಹುದು ಎಂದು ಪ್ರಾಣಿಗಳಲ್ಲಿ ತೋರಿಸಿದ. 1952ರ ಸೆಪ್ಟೆಂಬರ್ 2ರಂದು ಮಿನೆಸೋಟಾದಲ್ಲಿ ಜಾನ್ ಲೂಯಿಸ್ ಐದು ವರ್ಷದ ಹುಡುಗಿಯೊಬ್ಬಳ ಮೈ ತಂಪು ಮಾಡಿ, ಹೃದಯದ ರಂಧ್ರವನ್ನು ಕೆಲವೇ ನಿಮಿಷಗಳಲ್ಲಿ ಹೊಲಿದ. ಮಗು ಬದುಕಿತು. ಮುಂದೆ ಹೃದಯ-ಶ್ವಾಸಕೋಶ ಯಂತ್ರ ಬಂದ ಮೇಲೆ ತಂಪಿನ ಒಂದೇ ಆಸರೆ ಬೇಕಾಗಲಿಲ್ಲ.

ಹೃದಯ ನಿಂತು ಮತ್ತೆ ಬಡಿದವರ ಪಾಲಿಗೆ ತಂಪು ಮರಳಿ ಬಂದದ್ದು 2002ರಲ್ಲಿ. ಯೂರೋಪಿನ 275 ಮತ್ತು ಮೆಲ್ಬರ್ನ್‌ನ 77 ರೋಗಿಗಳ ಎರಡು ಅಧ್ಯಯನಗಳು ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬಂದವು. ಮೈಯನ್ನು 33 ಡಿಗ್ರಿಯ ಆಸುಪಾಸಿಗೆ ಇಳಿಸಿದವರಲ್ಲಿ ಹೆಚ್ಚು ಜನ ಬುದ್ಧಿ ನೆಟ್ಟಗಿದ್ದು ಮನೆಗೆ ಹೋದರು ಎಂಬುದು ಎರಡರ ಸಾರ. ಮೆಲ್ಬರ್ನ್‌ನವರು ಬಳಸಿದ್ದು ಐಸ್ ಚೀಲಗಳನ್ನೇ. ಅಂದರೆ ಅಣ್ಣನಿಗೆ ಸಿಕ್ಕ ಚಿಕಿತ್ಸೆ ಆ ಕಾಲಕ್ಕೆ ಹಿಂದುಳಿದದ್ದೇನೂ ಆಗಿರಲಿಲ್ಲ.

ಐಸಿನ ತೊಂದರೆಯೆಂದರೆ ಅದಕ್ಕೆ ಹತೋಟಿಯಿಲ್ಲ. ಒಮ್ಮೆ ಹೆಚ್ಚು ತಂಪು, ಒಮ್ಮೆ ಕಡಿಮೆ. ಅದಕ್ಕೆಂದೇ ಕೊಳವೆಯ ಯಂತ್ರ ಬಂತು. ನನ್ನ ಕೆಲಸ ಮೋಲ್ಡಿಂಗ್ ಮಷಿನ್‌ಗಳ ಚಿಲ್ಲರ್ ನೋಡಿಕೊಳ್ಳುವುದು, ಹಾಗಾಗಿ ಇದು ಬೇಗ ಅರ್ಥವಾಯಿತು. ತೊಡೆಸಂದಿಯ ದೊಡ್ಡ ಅಭಿಧಮನಿಯಿಂದ ಒಂದು ಕ್ಯಾಥೆಟರ್ ಮೇಲಕ್ಕೆ ಏರಿಸುತ್ತಾರೆ. ಅದರ ಸುತ್ತ ಪುಟ್ಟ ಬಲೂನುಗಳು. ಅವುಗಳೊಳಗೆ ತಣ್ಣನೆಯ ಸಲೈನ್ ಸುತ್ತುತ್ತಲೇ ಇರುತ್ತದೆ, ರಕ್ತದೊಂದಿಗೆ ಬೆರೆಯುವುದಿಲ್ಲ. ಬಲೂನುಗಳನ್ನು ಸವರಿ ಹರಿಯುವ ರಕ್ತ ತಂಪಾಗಿ ಮೈತುಂಬ ಹೋಗುತ್ತದೆ. ಮೂತ್ರಕೋಶದಲ್ಲೋ ಅನ್ನನಾಳದಲ್ಲೋ ಇಟ್ಟ ಸೆನ್ಸರ್ ಹೇಳಿದಂತೆ ಯಂತ್ರ ಸಲೈನಿನ ತಂಪು ಹೆಚ್ಚಿಸುತ್ತದೆ ಇಲ್ಲವೇ ಇಳಿಸುತ್ತದೆ. ಮತ್ತೆ ಮೈ ಬೆಚ್ಚಗೆ ಮಾಡುವಾಗಲೂ ನಿಧಾನವಾಗಿ ಏರಿಸುತ್ತದೆ. ಆದರೆ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ, ಸೋಂಕು ತಗಲುವ ಭಯ ಉಂಟು. ಮೈ ನಡುಗದಂತೆ ಔಷಧಿಯನ್ನೂ ಕೊಡಬೇಕು.

ನನ್ನ ಪ್ರಶ್ನೆಗೆ ತೀರ ಹತ್ತಿರದ ಉತ್ತರ ಸಿಕ್ಕಿದ್ದು 2015ರ ಒಂದು ಫ್ರೆಂಚ್ ಅಧ್ಯಯನದಲ್ಲಿ. 400 ರೋಗಿಗಳಲ್ಲಿ ಒಂದು ಗುಂಪಿಗೆ ಕೊಳವೆ, ಇನ್ನೊಂದಕ್ಕೆ ಫ್ಯಾನು, ಐಸ್, ತಂಪಿನ ಟೆಂಟು. ಕೊಳವೆ ಬೇಗ ತಂಪು ಮಾಡಿತು, ನರ್ಸ್‌ಗಳ ಶ್ರಮ ಉಳಿಸಿತು. 28 ದಿನಗಳ ನಂತರ ಚೆನ್ನಾಗಿದ್ದವರು ಕೊಳವೆಯವರಲ್ಲಿ ನೂರಕ್ಕೆ 36, ಐಸಿನವರಲ್ಲಿ 28. ಆದರೆ ಈ ಅಂತರ ಆಕಸ್ಮಿಕವೂ ಇರಬಹುದು ಎಂದಿತು ಲೆಕ್ಕ. ಆ ಎಂಟು ಜನರ ಅಂತರವನ್ನು ನಾನು ಎಷ್ಟು ರಾತ್ರಿ ದಿಟ್ಟಿಸಿದೆನೋ.

ಅಷ್ಟರಲ್ಲಿ ತಂಪಿನ ಬುಡವೇ ಅಲುಗತೊಡಗಿತ್ತು. 2013ರಲ್ಲಿ 939 ರೋಗಿಗಳಲ್ಲಿ 33 ಡಿಗ್ರಿಗೂ 36 ಡಿಗ್ರಿಗೂ ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ 1,850ಕ್ಕೂ ಹೆಚ್ಚು ರೋಗಿಗಳ ಇನ್ನೊಂದು ಅಧ್ಯಯನದಲ್ಲಿ, ತಂಪು ಮಾಡಿಸಿಕೊಂಡವರಲ್ಲಿ ಆರು ತಿಂಗಳೊಳಗೆ ಸತ್ತವರು ನೂರಕ್ಕೆ 50, ಜ್ವರ ಬರದಂತೆ ಮಾತ್ರ ನೋಡಿಕೊಂಡವರಲ್ಲಿ 48. ಅದೇ ವರ್ಷ ಬೆಂಗಳೂರು, ಮುಂಬೈ, ಚೆನ್ನೈ ಸೇರಿದಂತೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ ಆಸ್ಪತ್ರೆಗಳಲ್ಲಿ ನಡೆದ ಹೀಲಿಕ್ಸ್ ಅಧ್ಯಯನವೂ ಹೊರಬಂತು. ಅದು ಹುಟ್ಟುವಾಗ ಉಸಿರುಗಟ್ಟಿದ 408 ಕೂಸುಗಳ ಕತೆ. ಶ್ರೀಮಂತ ದೇಶಗಳಲ್ಲಿ ಕೂಸುಗಳನ್ನು ಉಳಿಸಿದ್ದ ತಂಪು ಇಲ್ಲಿ ಉಳಿಸಲಿಲ್ಲ. ತಂಪು ಮಾಡಿದ ಕೂಸುಗಳಲ್ಲಿ ನೂರಕ್ಕೆ 42, ಮಾಡದವುಗಳಲ್ಲಿ 31 ತೀರಿಕೊಂಡವು. ಬೇರೆ ಊರಿನ ಔಷಧವನ್ನು ನಮ್ಮೂರಿನಲ್ಲಿ ಅಳೆದು ನೋಡದೆ ನಂಬಬಾರದು ಎಂಬ ಪಾಠಕ್ಕೆ ಆ ಕೂಸುಗಳೇ ಸಾಕ್ಷಿ.

ಕಳೆದ ಬೇಸಿಗೆಯಲ್ಲಿ ವೈನಿಯನ್ನು ನೋಡಲು ಸಂಭಾಜಿನಗರಕ್ಕೆ ಹೋಗಿದ್ದೆ. ಸಂಜೆ ಪನ್‌ಚಕ್ಕಿಯ ಕೊಳದ ಬಳಿ ಕೂತೆವು. ದೂರದ ಬೆಟ್ಟದ ನೀರು ನೆಲದೊಳಗಿನ ಮಣ್ಣಿನ ಕೊಳವೆಗಳಲ್ಲಿ ಹರಿದು ಅಲ್ಲಿ ಧುಮುಕುತ್ತದೆ. ಕೊಳದ ತಳವೇ ಕೆಳಗಿನ ಹಜಾರಕ್ಕೆ ಚಾವಣಿ, ಎಂಥ ಬಿಸಿಲಿನಲ್ಲೂ ಒಳಗೆ ತಂಪು. ಓದಿದ್ದನ್ನೆಲ್ಲ, ಆ ಎಂಟರ ಅಂತರವನ್ನೂ ಮುಚ್ಚಿಡದೆ ಹೇಳಿದೆ.

ವೈನಿ ಬಹಳ ಹೊತ್ತು ಸುಮ್ಮನಿದ್ದರು. "ಉಳೀತಿದ್ರು ಅಂತನೂ ಹೇಳಾಕ ಆಗೂದಿಲ್ಲ, ಉಳೀತಿರಲಿಲ್ಲ ಅಂತನೂ ಹೇಳಾಕ ಆಗೂದಿಲ್ಲ. ಹೌದಲ್ಲೋ?"

ಹೌದೆಂದೆ.

"ಆ ಐಸ್ ತರಾಕ ಎಷ್ಟ ಸಲ ಓಡಿದ್ದಿ, ನಾ ನೋಡೀನಿ. ಇನ್ನ ಕೇಳೂದಿಲ್ಲ ಬಿಡು" ಎಂದು ಎದ್ದರು. ಕತ್ತಲಾಗುತ್ತಿತ್ತು, ಮನೆಗೆ ಹೋಗಿ ರೊಟ್ಟಿ ಬಡಿಯಬೇಕಿತ್ತು ಅವರಿಗೆ.